ಕುದುರೆಯ ಬಾಯಿಗೆ ಕೆಲಸ

ಹಸುವನ್ನು ಸಾಕಿ ಬಲ್ಲ ಗೃಹಸ್ಥರಿಗೆ ಒಂದು ನೋಟವು ಚಿರಪರಿಚಿತವಾದುದು. ಹುಲ್ಲು ತಿಂದು ಮುಗಿಸಿದ ಹಸುವು ಕೊಟ್ಟಿಗೆಯಲ್ಲಿ ಕಾಲು ಮಡಿಸಿ ಮಲಗಿ, ಅರೆಗಣ್ಣು ಮುಚ್ಚಿ, ಗಂಟೆಗಟ್ಟಲೆ ಮೆಲುಕು ಹಾಕುತ್ತಿರುವುದು. ಗೋದಲಿಯು ಬರಿದಾಗಿದ್ದರೂ ಅದರ ಬಾಯಿಗೆ ಕೆಲಸವು ತಪ್ಪಿರುವುದಿಲ್ಲ. ಆ ನೋಟವನ್ನು ಕಂಡು ಕಂಡು ನಮ್ಮ ಮನಸ್ಸಿನಲ್ಲಿ ಒಂದು ಎಣಿಕೆಯು ಬೇರೂರಿದೆ: ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹಾಕಿದರೆ ಸಾಕುಪ್ರಾಣಿಗೆ ನಾವು ಸಲ್ಲಿಸಬೇಕಾದುದು ಸಂದಿತು ಎಂದು. ಹಸುವಿನ ಮಟ್ಟಿಗೆ ಈ ಎಣಿಕೆಯು ಹೇಗೋ ನಡೆಯುತ್ತದೆ. ಕುದುರೆಯ ಮಟ್ಟಿಗೆ ಇದು ದೊಡ್ಡ ಅನ್ಯಾಯವಾಗಿ ಪರಿಣಮಿಸುತ್ತದೆ. ಏಕೆಂದರೆ ಕುದುರೆಗೆ ಮೆಲುಕೆಂಬುದಿಲ್ಲ. ಮುಂದಿದ್ದ ಮೇವು ಮುಗಿಯಿತೆಂದರೆ ಅದರ ಬಾಯಿಗೆ ಬೇರೆ ಗತಿಯಿಲ್ಲ.

ಈ ಕಾಲದಲ್ಲಿ ಕುದುರೆ ಸಾಕುವವರು ಎಷ್ಟು ಮಂದಿ ಎಂದು ಕೆಲವರು ಕೇಳಬಹುದು. ಮೈಸೂರಿನ ಬೀದಿಗಳಲ್ಲಿ ಟಾಂಗಾಗಳು ಇನ್ನೂ ಕೆಲವು ಉಳಿದಿವೆ. ದಸರೆಯ ಮೆರವಣಿಗೆಯಲ್ಲಿ ಅಶ್ವಾರೋಹಿ ದಳವು ನಡೆಯುತ್ತದೆ. ಸವಾರಿ ಕಲಿಸುವ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ಕುಟುಂಬಗಳು ನಗರಗಳಲ್ಲಿ ಹಲವಿವೆ. ಮದುವೆಯ ದಿಬ್ಬಣಕ್ಕೆ ಬಿಳಿಯ ಕುದುರೆಯನ್ನು ಬಾಡಿಗೆಗೆ ತರಿಸುವವರೂ ಉಂಟು. ಇವೆಲ್ಲವೂ ದಿನದ ಬಹುಭಾಗವನ್ನು ಲಾಯದಲ್ಲೋ ಗೂಟದಲ್ಲೋ ಕಳೆಯುವ ಕುದುರೆಗಳು. ಆದುದರಿಂದ ಈ ತಿಂಗಳು ನಾವು ಕಟ್ಟಿಹಾಕಿದ ಕುದುರೆಯ ಮೇವಿನ ವಿಚಾರವನ್ನು ಎತ್ತಿಕೊಂಡಿದ್ದೇವೆ. ಮೇವು ಎಷ್ಟು ಎಂಬುದಕ್ಕಿಂತ, ಅದನ್ನು ಹೇಗೆ ಕೊಡಬೇಕು ಎಂಬುದೇ ನಮ್ಮ ಮುಖ್ಯ ವಿಷಯ.

ನಮ್ಮ ಭಾಷೆಯಲ್ಲಿ ಉಣ್ಣುವುದು ಬೇರೆ, ಮೇಯುವುದು ಬೇರೆ. ಉಣ್ಣುವುದಕ್ಕೆ ಹೊತ್ತುಂಟು, ಕುಳಿತು ಉಂಡು ಏಳುತ್ತೇವೆ. ಮೇಯುವುದೆಂದರೆ ನಡೆಯುತ್ತ, ಮೂಸುತ್ತ, ಆರಿಸುತ್ತ, ಒಂದೊಂದು ತುತ್ತಿಗೂ ಒಂದೆರಡು ಹೆಜ್ಜೆಯಿಟ್ಟು ತಿನ್ನುವುದು. ಕುದುರೆಯು ಮೇಯಲೆಂದು ಹುಟ್ಟಿದ ಪ್ರಾಣಿ. ಬಯಲಿನಲ್ಲಿ ಸ್ವತಂತ್ರವಾಗಿರುವ ಕುದುರೆಯು ದಿನದ 24 ಗಂಟೆಗಳಲ್ಲಿ 16 ಗಂಟೆಗಳವರೆಗೂ ಮೇಯುತ್ತದೆ, ರಾತ್ರಿಯಲ್ಲಿಯೂ ಮೇಯುತ್ತದೆ. ನಾವು ಅದನ್ನು ಲಾಯಕ್ಕೆ ತಂದು ಮನುಷ್ಯರಂತೆ ಹೊತ್ತುಹೊತ್ತಿಗೆ ಉಣ್ಣಿಸತೊಡಗಿದೆವು. ಮೇವು ದೊರೆಯಿತು, ಮೇಯುವುದು ತಪ್ಪಿತು.

ಕುದುರೆಯ ಶರೀರರಚನೆಯೂ ಇದಕ್ಕೆ ಸಾಕ್ಷಿಯಾಗಿದೆ. ಅಷ್ಟು ದೊಡ್ಡ ಪ್ರಾಣಿಯ ಜಠರವು ಬಹಳ ಚಿಕ್ಕದು. ಅದರ ಪಚನಾಂಗಗಳೆಲ್ಲವನ್ನೂ ಸೇರಿಸಿ ಅಳೆದರೆ ಜಠರದ ಪಾಲು ಹತ್ತರಲ್ಲಿ ಒಂದರಷ್ಟೇ. ಮನುಷ್ಯನ ಜಠರದಲ್ಲಿ ಆಮ್ಲವು ಊಟದ ಹೊತ್ತಿಗೆ ಹೆಚ್ಚುತ್ತದೆ. ಕುದುರೆಯ ಜಠರದಲ್ಲಾದರೋ ಆಮ್ಲವು ಹಗಲಿರುಳು ಎಡೆಬಿಡದೆ ಒಸರುತ್ತಲೇ ಇರುತ್ತದೆ. ಅದನ್ನು ಶಮನಮಾಡತಕ್ಕದ್ದು ಜೊಲ್ಲು. ಕುದುರೆಯ ಬಾಯಲ್ಲಿ ಜೊಲ್ಲು ಊರುವುದು ಅಗಿಯುವಾಗ ಮಾತ್ರ. ಒಂದು ಕಿಲೋ ಒಣಹುಲ್ಲನ್ನು ಅಗಿದು ನುಂಗಲು ಕುದುರೆಗೆ ಸುಮಾರು 40 ನಿಮಿಷ ಬೇಕು; ಒಂದು ಕಿಲೋ ಓಟ್ಸ್ ಧಾನ್ಯವು ಸುಮಾರು 10 ನಿಮಿಷದಲ್ಲಿ ಮುಗಿದುಹೋಗುತ್ತದೆ. ಧಾನ್ಯದ ದಾಣಿಯನ್ನು ಹೆಚ್ಚಿಸಿ ಹುಲ್ಲನ್ನು ತಗ್ಗಿಸಿದಾಗ ಕುದುರೆಗೆ ಬಲವೇನೋ ಬರಬಹುದು. ಆದರೆ ಜಠರವು ಬಹಳ ಹೊತ್ತು ಬರಿದಾಗಿ ಆಮ್ಲದಲ್ಲಿ ನೆನೆಯುತ್ತದೆ. ತಾಲೀಮಿನಲ್ಲಿರುವ ಪಂದ್ಯದ ಕುದುರೆಗಳನ್ನು ವೈದ್ಯರು ಪರೀಕ್ಷಿಸಿ ನೋಡಿದಲ್ಲಿ ಅರ್ಧಕ್ಕಿಂತಲೂ ಹೆಚ್ಚಿನವುಗಳ ಜಠರದಲ್ಲಿ ಹುಣ್ಣುಗಳನ್ನು ಕಂಡಿದ್ದಾರೆ.

ನಮ್ಮ ನಾಡಿನಲ್ಲಿ ಕುದುರೆಯ ದಾಣಿಯೆಂದರೆ ಮೊದಲು ನೆನಪಿಗೆ ಬರುವುದು ಹುರುಳಿ. ಆಂಗ್ಲರು ಅದಕ್ಕೆ ಕುದುರೆಯ ಕಾಳೆಂದೇ ಹೆಸರಿಟ್ಟರು. ಹುರುಳಿಯನ್ನು ನಾವು ದೂಷಿಸುತ್ತಿಲ್ಲ. ದುಡಿಯುವ ಕುದುರೆಗೆ ಅದು ಬೇಕು. ಆದರೆ ಮುಸುಡಿಗೆ ಕಟ್ಟಿದ ಹುರುಳಿಚೀಲವು ಬರಿದಾದ ಮೇಲೆ ಉಳಿದ ದಿನವನ್ನು ಆ ಬಾಯಿಯು ಹೇಗೆ ಕಳೆಯಬೇಕು ಎಂಬುದೇ ಪ್ರಶ್ನೆ.

ಹೇಗೆ ಕಳೆಯುತ್ತದೆಂಬುದನ್ನು ಲಾಯಗಳಲ್ಲಿ ನೋಡಬಹುದು. ಕೆಲವು ಕುದುರೆಗಳು ಗೋದಲಿಯ ಅಂಚನ್ನು ಮುಂಹಲ್ಲುಗಳಿಂದ ಕಚ್ಚಿ ಹಿಡಿದು, ಕತ್ತನ್ನು ಬಿಗಿಮಾಡಿ, ಗಂಟಲಲ್ಲಿ ಸದ್ದು ಹೊರಡುವಂತೆ ಗಾಳಿಯನ್ನು ಒಳಗೆಳೆದುಕೊಳ್ಳುತ್ತವೆ. ಕೆಲವು ಬಾಗಿಲಿನ ಮರವನ್ನು ಕಡಿದು ಕಡಿದು ಸವೆಯಿಸುತ್ತವೆ. ಕೆಲವು ನಿಂತಲ್ಲಿಯೇ ತಲೆಯನ್ನು ಎಡಕ್ಕೂ ಬಲಕ್ಕೂ ತೂಗುತ್ತಿರುತ್ತವೆ. ಈ ಕೊನೆಯದಕ್ಕೆ ಮೇವಿಗಿಂತಲೂ ಒಂಟಿತನವೇ ಹೆಚ್ಚಿನ ಕಾರಣ. ಇವನ್ನು ದುಶ್ಚಟಗಳೆಂದು ಕರೆದು, ಕುದುರೆಗೆ ಕೆಟ್ಟ ಬುದ್ಧಿಯೆಂದು ಹಳಿದು, ಕತ್ತಿಗೆ ಬಿಗಿಯಾದ ಪಟ್ಟಿ ಕಟ್ಟುವ ಪದ್ಧತಿಯು ಬಹುಕಾಲದಿಂದ ನಡೆದುಬಂದಿದೆ. ಪಟ್ಟಿಯು ಕಚ್ಚುವುದನ್ನು ತಡೆಯಬಹುದು. ಕಚ್ಚಬೇಕೆಂಬ ಒಳಗಿನ ಒತ್ತಡವನ್ನು ತಡೆಯಲಾರದು. ಸ್ವಲ್ಪ ಹೊತ್ತು ತಡೆದು ಬಿಟ್ಟ ಕುದುರೆಗಳು ಆ ಬಳಿಕ ಮೊದಲಿಗಿಂತ ಹೆಚ್ಚಾಗಿ ಕಚ್ಚಿದುದನ್ನು ಮೆಕ್‌ಗ್ರೀವಿ ಮತ್ತು ನಿಕೋಲ್ ಎಂಬ ವಿದ್ವಾಂಸರು 1998ರಲ್ಲಿ ಪ್ರಕಟಪಡಿಸಿದರು.

ಅದೇ ವಿದ್ವಾಂಸರೂ ಅವರ ಸಂಗಡಿಗರೂ 1995ರಲ್ಲಿ ಪಂದ್ಯದ ಕುದುರೆಗಳ ಲಾಯಗಳನ್ನು ಕುರಿತು ನಡೆಸಿದ ವಿಚಾರಣೆಯಲ್ಲಿ, ದಿನಕ್ಕೆ 6.8 ಕಿಲೋಗಿಂತ ಕಡಿಮೆ ಹುಲ್ಲುಮೇವು ಪಡೆಯುವ ಕುದುರೆಗಳಲ್ಲಿ ಇಂಥ ವಿಕಾರಗಳ ಸಂಭವವು ಹೆಚ್ಚೆಂದು ಕಂಡುಬಂದಿತು. ಮುಂದೆ 2002ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ 225 ಎಳೆಯ ಕುದುರೆಗಳನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದ್ದರು. ತಾಯಿಯ ಹಾಲು ಬಿಡಿಸಿದ ತರುವಾಯ ದಾಣಿ ತಿನ್ನಿಸಿದ ಮರಿಗಳಿಗೆ ಗೋದಲಿ ಕಚ್ಚುವ ಚಟವು ಹತ್ತುವ ಸಂಭವವು ನಾಲ್ಕು ಪಟ್ಟು ಹೆಚ್ಚಾಗಿತ್ತು. ಹೀಗಿರಲು, ನಾವು ದುಶ್ಚಟವೆಂದು ಹೆಸರಿಟ್ಟಿರುವುದು ಬಹುಮಟ್ಟಿಗೆ ನಿರುದ್ಯೋಗಿಯಾದ ಬಾಯಿಯ ಮೊರೆ ಎಂದು ತಿಳಿಯುವುದೇ ನ್ಯಾಯ.

ಇದಕ್ಕೆ ಪರಿಹಾರವಾಗಿ ಪ್ರಾಣಿಪಾಲನೆಯನ್ನು ಬಲ್ಲವರು ಒಂದು ಕ್ರಮವನ್ನು ರೂಢಿಗೆ ತಂದಿದ್ದಾರೆ. ಆಂಗ್ಲದಲ್ಲಿ ಅದಕ್ಕೆ ಎನ್‌ರಿಚ್‌ಮೆಂಟ್ ಎಂದು ಹೆಸರು. ಮೇವನ್ನು ಹುಡುಕಿ, ಆರಿಸಿ, ಶ್ರಮಪಟ್ಟು ತಿನ್ನುವಂತೆ ಒದಗಿಸಿ, ಪ್ರಾಣಿಯ ಸಹಜವಾದ ಉದ್ಯೋಗವನ್ನು ಅದಕ್ಕೆ ಹಿಂದಕ್ಕೆ ಕೊಡುವುದೇ ಇದರ ತಿರುಳು. ನಾವು ಇದನ್ನು ಮೇವಿನ ಉದ್ಯೋಗ ಎಂದು ಕರೆಯೋಣ.

ಇದು ಬರಿಯ ಕಲ್ಪನೆಯಲ್ಲವೆಂಬುದಕ್ಕೆ ಮೂರು ನಿದರ್ಶನಗಳನ್ನು ಕೊಡುತ್ತೇವೆ. ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾನಿಲಯದ ಡೆಬೊರಾ ಗುಡ್‌ವಿನ್ ಮತ್ತು ಸಂಗಡಿಗರು ಲಾಯದ ಕುದುರೆಗಳಿಗೆ ಒಮ್ಮೆ ಒಂದೇ ಬಗೆಯ ಹುಲ್ಲನ್ನೂ, ಇನ್ನೊಮ್ಮೆ ಆರು ಬಗೆಯ ಮೇವನ್ನೂ ಇಟ್ಟು ನೋಡಿ 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಒಂದೇ ಬಗೆಯ ಹುಲ್ಲಿದ್ದಾಗ ಕುದುರೆಗಳು ಬಾಗಿಲಿನ ಮೇಲಿಂದ ಹೊರಗೆ ಇಣುಕುವುದೂ, ಕಾಲಡಿಯ ಹಾಸುಹುಲ್ಲನ್ನು ಕೆದಕಿ ತಿನ್ನುವುದೂ ಹೆಚ್ಚಾಗಿತ್ತು. ಹಲವು ಬಗೆಯ ಮೇವಿದ್ದಾಗ ಒಂದರಿಂದ ಒಂದಕ್ಕೆ ಹೋಗುತ್ತ ಮೇಯುವುದರಲ್ಲಿ ತೊಡಗಿದ್ದುವು. ಎರಡನೆಯದು ನಮ್ಮ ಗೃಹಿಣಿಯರಿಗೆ ಸಂತೋಷವನ್ನುಂಟುಮಾಡತಕ್ಕದ್ದು. ಅದೇ ಗುಂಪಿನವರು 15 ಬಗೆಯ ಪರಿಮಳಗಳನ್ನು ಕುದುರೆಗಳ ದಾಣಿಗೆ ಬೆರೆಸಿ ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಮೊದಲನೆಯ ಸ್ಥಾನವು ಮೆಂತ್ಯಕ್ಕೆ ದೊರೆಯಿತು. ಎರಡನೆಯದು ಬಾಳೆಯ ಹಣ್ಣಿಗೆ. ಮೆಚ್ಚಿದ ಎಂಟರೊಳಗೆ ಜೀರಿಗೆಯೂ ಸೇರಿತ್ತು. ಮೂರನೆಯದು ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾನಿಲಯದವರು 2014ರಲ್ಲಿ ಪ್ರಕಟಿಸಿದುದು. ನೆಲದ ಮೇಲೆ ಬಿಡಿಯಾಗಿ ಹಾಕಿದಾಗ ಸುಮಾರು 3 ಗಂಟೆಗಳಲ್ಲಿ ಮುಗಿಯುತ್ತಿದ್ದ ಒಣಹುಲ್ಲು, ಸುಮಾರು 3 ಸೆಂಟಿಮೀಟರ್ ಅಗಲದ ಕಣ್ಣುಗಳುಳ್ಳ ಬಲೆಯಲ್ಲಿ ತುಂಬಿಟ್ಟಾಗ ಆರೂವರೆ ಗಂಟೆ ಬಂದಿತು. ಹುಲ್ಲು ಅಷ್ಟೇ, ಖರ್ಚು ಅಷ್ಟೇ. ಮೇಯುವ ಹೊತ್ತು ಮಾತ್ರ ಎರಡು ಪಟ್ಟಾಯಿತು.

ಇನ್ನು ಇದನ್ನು ಆರಂಭಿಸುವ ಕ್ರಮ. ಉತ್ಸಾಹದಿಂದ ಎಲ್ಲವನ್ನೂ ಒಂದೇ ದಿನ ಮಾಡಹೊರಟರೆ ಹಿತಕ್ಕೆ ಬದಲು ಅಹಿತವಾಗುತ್ತದೆ. ಕುದುರೆಯು ಸ್ವಭಾವತಃ ಬೆದರುವ ಪ್ರಾಣಿ. ಹೊಸ ವಸ್ತುವನ್ನು ಮೊದಲು ಶತ್ರುವೆಂದೇ ಎಣಿಸುತ್ತದೆ. ಅದರ ಕರುಳಿನಲ್ಲಿ ನಾರನ್ನು ಕೊಳೆಯಿಸಿ ಅರಗಿಸುವ ಸೂಕ್ಷ್ಮಜೀವಿಗಳೂ ಹೊಸ ಮೇವಿಗೆ ಹೊಂದಿಕೊಳ್ಳಲು ದಿನಗಳು ಬೇಕು. ಕುದುರೆಗೆ ವಾಂತಿಮಾಡುವ ಶಕ್ತಿಯಿಲ್ಲ. ಒಗ್ಗದುದನ್ನು ತಿಂದರೆ ಹೊರಹಾಕಲಾರದು.

ಮೊದಲನೆಯ ವಾರದಲ್ಲಿ ಮೇವನ್ನು ಬದಲಾಯಿಸಬಾರದು. ಎರಡು ಹೊತ್ತಿಗೆ ಹಾಕುತ್ತಿದ್ದುದನ್ನೇ ನಾಲ್ಕೈದು ಪಾಲುಮಾಡಿ ಹಾಕಬೇಕು. ಎಲ್ಲಕ್ಕೂ ದೊಡ್ಡ ಪಾಲನ್ನು ರಾತ್ರಿಗೆ ಇಡಬೇಕು, ಏಕೆಂದರೆ ಲಾಯದ ರಾತ್ರಿಯೇ ಬಹಳ ಉದ್ದವಾದುದು. ಒಟ್ಟು ಮೇವು ಸಾಕಷ್ಟಿದೆಯೇ ಎಂಬುದನ್ನೂ ಈ ವಾರದಲ್ಲಿಯೇ ತೂಗಿ ನೋಡತಕ್ಕದ್ದು. ತೇವ ಕಳೆದು ಲೆಕ್ಕಹಾಕಿದರೆ, ಕುದುರೆಯ ತೂಕದ ನೂರರಲ್ಲಿ ಒಂದೂವರೆ ಪಾಲಿಗೆ ಕಡಿಮೆಯಾಗದಂತೆ ಹುಲ್ಲುಮೇವು ಬೇಕು. 300 ಕಿಲೋ ತೂಗುವ ಟಾಂಗಾ ಕುದುರೆಗೆ ಇದು 5 ಕಿಲೋ ಒಣಹುಲ್ಲಿಗೆ ಮೇಲ್ಪಟ್ಟಾಗುತ್ತದೆ. ಹಸಿದ ಕುದುರೆಯ ಮುಂದೆ ಕಷ್ಟಪಟ್ಟು ತಿನ್ನತಕ್ಕ ಮೇವನ್ನಿಟ್ಟರೆ ಅದು ವಿನೋದವಾಗುವುದಿಲ್ಲ, ಪೀಡೆಯಾಗುತ್ತದೆ. ಆದುದರಿಂದ ಮೊದಲು ಹೊಟ್ಟೆ, ಆಮೇಲೆ ಉದ್ಯೋಗ.

ಎರಡನೆಯ ವಾರದಲ್ಲಿ ಮೇವಿನ ಸ್ಥಳವನ್ನು ಬದಲಿಸಬೇಕು. ಒಂದೇ ಗೋದಲಿಗೆ ಸುರಿಯುವ ಬದಲು ಲಾಯದ ಎರಡು ಮೂರು ಮೂಲೆಗಳಲ್ಲಿ ಗುಪ್ಪೆಗಳಾಗಿ ಇಟ್ಟರೆ ಕುದುರೆಯು ಹೆಜ್ಜೆಯಿಟ್ಟು ಹೋಗಿ ತಿನ್ನುವುದು. ತಲೆ ತಗ್ಗಿಸಿ ನೆಲದ ಮಟ್ಟದಲ್ಲಿ ತಿನ್ನುವುದೇ ಅದಕ್ಕೆ ಸಹಜವಾದ ಭಂಗಿ. ಆದರೆ ಮರಳುನೆಲದ ಮೇಲೆ ಹಾಕಬಾರದು; ಮರಳು ಹೊಟ್ಟೆಯನ್ನು ಸೇರಿ ಶೂಲೆಯನ್ನುಂಟುಮಾಡುತ್ತದೆ.

ಮೂರನೆಯ ವಾರದಲ್ಲಿ ಬಲೆಯನ್ನು ತರಬಹುದು. ಮೊದಲು ದೊಡ್ಡ ಕಣ್ಣಿನ ಬಲೆಯಲ್ಲಿ ಸಡಿಲವಾಗಿ ತುಂಬಿ, ಪಕ್ಕದಲ್ಲಿ ಬಿಡಿಹುಲ್ಲನ್ನೂ ಇಟ್ಟು, ಕುದುರೆಯು ತಾನಾಗಿ ಬಂದು ಎಳೆಯುವವರೆಗೆ ಕಾಯಬೇಕು. ಕೆಲವು ದಿನಗಳು ಕಳೆದ ಮೇಲೆ ಚಿಕ್ಕ ಕಣ್ಣಿನ ಬಲೆಗೆ ಹೋಗಬಹುದು. ಲಾಳ ಕಟ್ಟಿದ ಕುದುರೆಯಿದ್ದಲ್ಲಿ ಬಲೆಯನ್ನು ನೆಲದ ಮೇಲೆ ಎಂದಿಗೂ ಬಿಡಬಾರದು. ಲಾಳವು ಸಿಕ್ಕಿಕೊಂಡರೆ ಕಾಲು ಮುರಿಯಬಹುದು. ಬರಿದಾದ ಬಲೆಯು ಜೋಲುತ್ತದೆಂಬುದನ್ನು ನೆನಪಿನಲ್ಲಿಟ್ಟು, ಆಗಲೂ ಗೊರಸಿಗೆ ಎಟುಕದಷ್ಟು ಎತ್ತರದಲ್ಲಿ ಕಟ್ಟಬೇಕು.

ಇದರ ತರುವಾಯ ಎರಡನೆಯ ಬಗೆಯ ಮೇವು. ಒಣಹುಲ್ಲಿನ ಸಂಗಡ ಒಂದು ಹಿಡಿ ಹಸಿಯ ಗರಿಕೆ, ಇನ್ನೊಂದು ಮೂಲೆಯಲ್ಲಿ ಒಂದು ಹಿಡಿ ಲೂಸರ್ನ್. ಈ ಸೊಪ್ಪನ್ನು ನಮ್ಮ ರೈತರು ಕುದುರೆ ಮಸಾಲೆಯೆಂದೇ ಕರೆಯುತ್ತಾರೆ. ಹೆಸರಿನಲ್ಲಿಯೇ ಕುದುರೆಯ ಮೆಚ್ಚುಗೆಯಿದೆ. ಯಾವ ಹೊಸ ಮೇವನ್ನಾದರೂ ಹಿಡಿಯಷ್ಟರಿಂದ ತೊಡಗಿ 7ರಿಂದ 10 ದಿನಗಳಲ್ಲಿ ಮೆಲ್ಲಮೆಲ್ಲನೆ ಹೆಚ್ಚಿಸಬೇಕು. ಒಂದು ಬಾರಿಗೆ ಒಂದೇ ಹೊಸ ವಸ್ತು. ದಾಣಿಗೆ ಒಂದು ದಿನ ಒಂದು ಚಿಟಿಕೆ ಮೆಂತ್ಯದ ಪುಡಿ, ಇನ್ನೊಂದು ದಿನ ಕೆಲವು ಎಸಳು ಪುದೀನ ಬೆರೆಸಿ, ಯಾವುದನ್ನು ಮೆಚ್ಚುತ್ತದೆಂದು ನೋಡುವುದು ಮಕ್ಕಳಿಗೂ ಒಪ್ಪುವ ಕೆಲಸ. ಗಜ್ಜರಿಯನ್ನು ಉದ್ದುದ್ದ ಸೀಳಿ ಹುಲ್ಲಿನ ಗುಪ್ಪೆಯಲ್ಲಿ ಬಚ್ಚಿಡಬಹುದು. ಬಿಲ್ಲೆಗಳಾಗಿ ಹೆಚ್ಚಬಾರದು, ದುಂಡನೆಯ ತುಂಡು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ.

ಕೊನೆಯದು ದಾಣಿಯ ಚೆಂಡು. ಪಕ್ಕದಲ್ಲಿ ತೂತುಗಳುಳ್ಳ ಟೊಳ್ಳು ಚೆಂಡಿನೊಳಗೆ ಕಾಳನ್ನು ತುಂಬಿಟ್ಟರೆ, ಕುದುರೆಯು ಮೂತಿಯಿಂದ ಉರುಳಿಸಿದಂತೆಲ್ಲ ಕಾಳು ಕೆಲವು ಕೆಲವಾಗಿ ಉದುರುತ್ತದೆ. ಇದರ ಮೂಲರೂಪವನ್ನು ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಹಂದಿಗಳಿಗೆಂದು ಮಾಡಿದ್ದರು. 1990ರ ದಶಕದಲ್ಲಿ ಅದನ್ನು ಕುದುರೆಗಳಿಗೆ ಹೊಂದಿಸಿದರು. ಚೆಂಡನ್ನು ಮೊದಲು ಬಯಲಿನಲ್ಲಿ ತೋರಿಸಿ, ಮೂಸಲು ಬಿಟ್ಟು, ಅದರ ಸುತ್ತ ನಾಲ್ಕು ಕಾಳು ಚೆಲ್ಲಬೇಕು. ಉರುಳುವ ಸದ್ದಿಗೆ ಬೆದರಿ ಹಿಂಜರಿದರೆ ಒತ್ತಾಯಿಸದೆ ಎತ್ತಿಟ್ಟು ಮರುದಿನ ನೋಡಬೇಕು. ಒಳಗೆ ತುಂಬುವ ಕಾಳನ್ನು ದಿನದ ದಾಣಿಯಿಂದಲೇ ತೆಗೆಯಬೇಕಲ್ಲದೆ ಮೇಲೆ ಸೇರಿಸಬಾರದು. ಮನೆಯಲ್ಲಿಯೇ ಪ್ಲಾಸ್ಟಿಕ್ ಡಬ್ಬಿಗೆ ತೂತು ಕೊರೆದು ಮಾಡುವವರು ಅಂಚುಗಳನ್ನು ನುಣುಪುಮಾಡಬೇಕು. ಮುಚ್ಚಳವನ್ನು ಕುದುರೆಯು ಕಚ್ಚಿ ಬಿಚ್ಚದಂತೆ ಭದ್ರಪಡಿಸಬೇಕು. ಎರಡು ಕುದುರೆಗಳಿರುವಲ್ಲಿ ಒಂದೇ ಚೆಂಡನ್ನಿಟ್ಟರೆ ಜಗಳವನ್ನಿಟ್ಟಂತೆಯೇ. ಮೇವಿನ ಗುಪ್ಪೆಗಳೂ ಕುದುರೆಗಳ ಸಂಖ್ಯೆಗಿಂತ ಒಂದು ಹೆಚ್ಚಾಗಿಯೇ ಇರಲಿ.

ಈ ಎಲ್ಲ ಹಂತಗಳಲ್ಲಿಯೂ ಕುದುರೆಯ ಮುಖವೇ ನಮಗೆ ಗುರು. ಕಿವಿ ಮುಂದಕ್ಕಿಟ್ಟು, ಸಮಾಧಾನದಿಂದ ಎಳೆದು ತಿನ್ನುತ್ತಿದ್ದರೆ ಕೆಲಸವು ಅದಕ್ಕೆ ಒಪ್ಪಿದೆ. ಕಿವಿಗಳನ್ನು ಹಿಂದಕ್ಕೆ ಅಂಟಿಸಿ ಬಲೆಯನ್ನು ಜಗ್ಗಾಡಿದರೆ, ಮುಂಗಾಲಿನಿಂದ ನೆಲವನ್ನು ಕೆರೆದರೆ, ಅಥವಾ ಬಿಟ್ಟು ಹೋಗಿ ಮೂಲೆಯಲ್ಲಿ ನಿಂತರೆ ಕೆಲಸವು ಕಠಿನವಾಯಿತೆಂದರ್ಥ. ಒಂದು ಹಂತ ಹಿಂದಕ್ಕೆ ಹೋಗಬೇಕು. ಹಲ್ಲು ಸವೆದ ಮುದಿ ಕುದುರೆಗೆ ಬಲೆಯು ತಕ್ಕುದಲ್ಲ. ಗೊರಸಿನ ಉರಿಯೂತವಿದ್ದ ಕುದುರೆಗೆ ಬೆಲ್ಲ, ಹಣ್ಣು, ಕಬ್ಬುಗಳನ್ನು ಕೊಡಬಾರದು. ಮೇವು ತಿನ್ನುತ್ತಿರುವಾಗ ಮೂಗಿನಿಂದ ನೀರೂ ಮೇವೂ ಇಳಿದರೆ ಗಂಟಲು ಕಟ್ಟಿದೆಯೆಂದು ತಿಳಿಯಬೇಕು. ಪಕ್ಕೆಯನ್ನು ತಿರುತಿರುಗಿ ನೋಡುತ್ತ, ಬಿದ್ದು ಹೊರಳಾಡಿದರೆ ಹೊಟ್ಟೆಶೂಲೆಯೆಂದು ತಿಳಿಯಬೇಕು. ಎರಡರಲ್ಲಿಯೂ ಮೇವನ್ನು ತೆಗೆದು, ಮನೆಮದ್ದಿಗೆ ಕೈಹಾಕದೆ, ಪಶುವೈದ್ಯರನ್ನು ಕೂಡಲೆ ಕರೆಯಿಸತಕ್ಕದ್ದು.

ವೈವಿಧ್ಯವೆಂದು ಕೈಗೆ ಸಿಕ್ಕಿದ ಸೊಪ್ಪನ್ನೆಲ್ಲ ಹಾಕುವುದು ಅಪಾಯಕರವಾದುದು. ನಮ್ಮ ದೇವರಪೂಜೆಯ ಕಣಗಿಲೆಯು ಕುದುರೆಗೆ ಘೋರವಾದ ವಿಷ; ಒಣಗಿದ ಎಲೆಯೂ ಕೊಲ್ಲುತ್ತದೆ. ಹರಳಿನ ಬೀಜ, ಲಂಟಾನ, ಬೆಣ್ಣೆಹಣ್ಣಿನ ಎಲೆ, ಈರುಳ್ಳಿ ಇವುಗಳನ್ನೂ ದೂರವಿಡಬೇಕು. ಜೋಳದ ಹಸಿ ಪೈರಿನಲ್ಲಿ ಮೇದ ಕುದುರೆಗೆ ಮೂತ್ರಕೋಶವೂ ಹಿಂಗಾಲುಗಳೂ ಸ್ವಾಧೀನ ತಪ್ಪುವ ರೋಗವು ಬರುವುದುಂಟು. ಹುಲ್ಲುಹಾಸನ್ನು ಕತ್ತರಿಸಿ ಗುಡ್ಡೆಹಾಕಿದ ತುಣುಕುಗಳು ಬೇಗನೆ ಕಾವೇರಿ ಹುಳಿಯುತ್ತವೆ, ಅವನ್ನೂ ಹಾಕಬಾರದು. ಬೂಸಾವನ್ನು ನಂಬಿ ದಿನವೂ ಹೇರಳವಾಗಿ ಕೊಟ್ಟರೆ ಅದರಲ್ಲಿನ ರಂಜಕವು ಹೆಚ್ಚಾಗಿ, ಸುಣ್ಣದ ಅಂಶವು ಸಾಲದೆ, ಮುಖದ ಎಲುಬುಗಳು ಊದಿಕೊಳ್ಳುತ್ತವೆ.

ಈ ಉಪಾಯಗಳಿಗೆ ಒಂದು ಮಿತಿಯುಂಟು. ಬಹಳ ವರ್ಷಗಳಿಂದ ಗೋದಲಿ ಕಚ್ಚುತ್ತಿರುವ ಕುದುರೆಯು ಬಲೆ ಕಟ್ಟಿದ ಮಾತ್ರಕ್ಕೆ ಅದನ್ನು ಬಿಟ್ಟುಬಿಡುವುದೆಂದು ನಾವು ಹೇಳಲಾರೆವು. ಕಡಿಮೆಯಾದರೆ ಅದೇ ಲಾಭ. ಚಟವು ಹತ್ತುವುದಕ್ಕೆ ಮೊದಲೇ, ವಿಶೇಷವಾಗಿ ಹಾಲು ಬಿಟ್ಟ ಮರಿಗಳಲ್ಲಿ, ಈ ಎಚ್ಚರಿಕೆಯು ಹೆಚ್ಚು ಫಲಕೊಡುತ್ತದೆ. ದಿನಕ್ಕೆ 20 ಗಂಟೆ ನಾಲ್ಕು ಗೋಡೆಗಳ ನಡುವೆ ನಿಲ್ಲಿಸಿ, ಚೆಂಡನ್ನು ಎಸೆದು ಕರ್ತವ್ಯವು ಮುಗಿಯಿತೆನ್ನುವವರಿಗಾಗಿ ನಾವು ಇದನ್ನು ಬರೆಯುತ್ತಿಲ್ಲ. ಬಯಲಿನ ಓಡಾಟಕ್ಕೂ, ಜೊತೆಯ ಕುದುರೆಗೂ, ನಿಜವಾದ ಹುಲ್ಲುಗಾವಲಿಗೂ ಬಲೆಯು ಸಮವಲ್ಲ. ಅವು ದೊರೆಯದ ಗಂಟೆಗಳಿಗೆ ಮಾತ್ರ ಇದು ಊರುಗೋಲು.

ಕುದುರೆಯನ್ನು ಸಾಕದ ವಾಚಕರಿಗೂ ಇಲ್ಲಿ ಒಂದು ಪಾತ್ರವಿದೆ. ಸವಾರಿಯ ಶಾಲೆಗೆ ಮಗುವನ್ನು ಸೇರಿಸುವಾಗ ಕುದುರೆಗಳ ಮೈಹೊಳಪನ್ನು ನೋಡಿ ಮೆಚ್ಚುವುದರ ಸಂಗಡ, ನಡುಮಧ್ಯಾಹ್ನದಲ್ಲಿ ಅವುಗಳ ಮುಂದೆ ಹುಲ್ಲಿದೆಯೇ ಎಂಬುದನ್ನೂ ನೋಡಿರಿ. ಗೋದಲಿಯ ಅಂಚು ಕಚ್ಚಿ ಸವೆದಿದೆಯೇ ಎಂದು ಕೈಯಾಡಿಸಿ ತಿಳಿಯಿರಿ. ಟಾಂಗಾ ಏರುವ ಮುನ್ನ ಒಂದು ತುಂಡು ಬೆಲ್ಲವನ್ನು ಅದರ ಬಾಯಿಗಿಟ್ಟು ಪುಣ್ಯ ಬಂತೆಂದು ಹೊರಡುವುದಕ್ಕಿಂತ, ಒಡೆಯನ ಅನುಮತಿ ಪಡೆದು ಒಂದು ಹೊರೆ ಗರಿಕೆಯನ್ನು ಕೊಡಿಸುವುದು ಹೆಚ್ಚಿನ ಉಪಕಾರ. ಗಾಡಿಯವನೊಡನೆ ಮಾತನಾಡುವಾಗ ಆಕ್ಷೇಪಣೆಯ ದನಿಯು ಬೇಡ. ಅವನ ಸಂಪಾದನೆ ಸ್ವಲ್ಪ, ಮೇವಿನ ಬೆಲೆ ಹೆಚ್ಚು. ಇದ್ದ ಹುಲ್ಲನ್ನೇ ಪಾಲುಮಾಡಿ ಹಾಕುವ, ಬಲೆಯಲ್ಲಿಟ್ಟು ಎರಡರಷ್ಟು ಹೊತ್ತು ಬರಿಸುವ ಉಪಾಯವು ಅವನಿಗೂ ಹಿತವಾಗಿಯೇ ಕೇಳಿಸುವುದು. ಹಳೆಯ ಮೀನಿನ ಬಲೆಯ ತುಂಡನ್ನು ಮಾತ್ರ ಬಳಸಬಾರದೆಂದು ಹೇಳಿರಿ. ಅದರ ತೆಳ್ಳಗಿನ ದಾರವು ಹಲ್ಲಿಗೂ ನಾಲಿಗೆಗೂ ಸಿಕ್ಕಿಕೊಳ್ಳುತ್ತದೆ. ದಪ್ಪ ಹುರಿಯಿಂದ ಗಂಟುಹಾಕಿ ಹೆಣೆದ ಬಲೆಯೇ ತಕ್ಕುದು. ಹೆಣೆಯಲು ಬಲ್ಲವರಿಗೆ ಅದು ಒಂದು ಸಂಜೆಯ ಕೆಲಸ.